ಮರುನೋಟದಲ್ಲಿ ಕಂಡ ತಂದೆಯರು

ಅದ್ಭುತ ಕಥೆಗಳು ಮಕ್ಕಳ ಸೊತ್ತು, ಬೆಳೆದವರು ಅವುಗಳಲ್ಲಿ ಕಾಲ ಕಳೆಯುವುದು ಸಲ್ಲದು ಎಂಬ ಅಭಿಪ್ರಾಯ ವಿದ್ಯಾವಂತರಲ್ಲಿ ಇಂದಿಗೂ ಬಲವಾಗಿದೆ. ನ್ಯೂಜಿಲೆಂಡಿನ ಪೀಟರ್ ಜಾಕ್ಸನ್ನರು 2001, 2002 ಮತ್ತು 2003ರಲ್ಲಿ ಮೂರು ಭಾಗಗಳಾಗಿ ತೆರೆಗೆ ತಂದ ‘ದ ಲಾರ್ಡ್ ಆಫ್ ದ ರಿಂಗ್ಸ್’ ಚಿತ್ರವನ್ನು ಕುರಿತೂ ಈ ಮಾತನ್ನು ಆಡುವವರುಂಟು. ಚಿತ್ರಮಂದಿರದ ಆವೃತ್ತಿಯೇ ಮೂರೂ ಭಾಗ ಸೇರಿ ಒಂಬತ್ತು ಗಂಟೆಗಳಿಗೂ ಹೆಚ್ಚು. ಮನೆಯಲ್ಲಿ ನೋಡಲೆಂದು ಹೊರಬಂದ ವಿಸ್ತೃತ ಆವೃತ್ತಿಯಂತೂ ಹನ್ನೊಂದು ಗಂಟೆಗಳನ್ನು ದಾಟುತ್ತದೆ. ಶಾಲೆಯ ದಿನಗಳಲ್ಲಿ ಅದನ್ನು ಕಂಡು ಮೈಮರೆತ ಹುಡುಗರು ಈಗ ತಂದೆತಾಯಿಗಳಾಗುವ ವಯಸ್ಸಿಗೆ ಬಂದಿದ್ದಾರೆ. ಹಸುಗೂಸು ಮಲಗಿರುವಾಗ ಧ್ವನಿ ತಗ್ಗಿಸಿ, ರಾತ್ರಿಗೆ ಅರ್ಧ ಗಂಟೆಯಂತೆ ಅದೇ ಚಿತ್ರವನ್ನು ಮತ್ತೆ ನೋಡುವ ಅಂಥವನಿಗೆ ಕಾಣುವುದು ಬೇರೆಯೇ ಒಂದು ಚಿತ್ರ.

ಕಥೆ ಬಹುಮಂದಿಗೆ ತಿಳಿದದ್ದೆ. ಲೋಕವನ್ನೇ ವಶಮಾಡಿಕೊಳ್ಳಬಲ್ಲ ಕೇಡಿನ ಉಂಗುರವೊಂದನ್ನು ಬೆಂಕಿಯ ಬೆಟ್ಟದಲ್ಲಿ ಹಾಕಿ ನಾಶಮಾಡಲು ಫ್ರೋಡೋ ಎಂಬ ಕುಳ್ಳ ತರುಣನೂ ಅವನ ಸಂಗಾತಿ ಸ್ಯಾಮನೂ ಹೊರಡುತ್ತಾರೆ, ಸುತ್ತಲೂ ಯುದ್ಧ. ಎರಡನೆಯ ಭಾಗದಲ್ಲಿ ಮಳೆಯ ರಾತ್ರಿಯ ಕೋಟೆಯ ಕಾಳಗವನ್ನು ಹುಡುಗರು ಉಸಿರು ಬಿಗಿಹಿಡಿದು ನೋಡಿದ್ದರು. ಅದಕ್ಕೂ ಮುನ್ನ ಹೆಂಗಸರನ್ನು ಗುಹೆಗಳಿಗೆ ಕಳುಹಿಸಿ, ಅವರ ಬಳಿಯಿದ್ದ ಬಾಲಕರನ್ನು ಹಿಂದಕ್ಕೆ ಕರೆದು, ಎಳೆಯ ತಲೆಗಳಿಗೆ ಶಿರಸ್ತ್ರಾಣ ತೊಡಿಸುವ ದೃಶ್ಯವೊಂದಿದೆ. ಅಂದು ಯಾರೂ ಅದನ್ನು ಲಕ್ಷಿಸಿರಲಾರರು. ಮಗುವುಳ್ಳವನು ಅದನ್ನು ದಾಟಿ ಮುಂದಿನ ಕಾಳಗಕ್ಕೆ ಹೋಗುವುದು ಸುಲಭವಲ್ಲ.

ಅದೇ ದೇಶದ ಮುದಿ ಅರಸು ಥಿಯೋಡೆನ್. ಮಾಂತ್ರಿಕನ ವಶದಲ್ಲಿ ಬುದ್ಧಿ ಮಂಕಾಗಿ ಸಿಂಹಾಸನದಲ್ಲಿ ಕುಸಿದು ಕುಳಿತಿರುವಾಗಲೇ ಅವನ ಒಬ್ಬನೇ ಮಗ ಗಾಯಗೊಂಡು ಅರಮನೆಯಲ್ಲಿ ಪ್ರಾಣಬಿಡುತ್ತಾನೆ. ತಂದೆಗೆ ಅದರ ಅರಿವೇ ಇಲ್ಲ. ಮಬ್ಬು ಹರಿದ ಮೇಲೆ ಅವನು ಮಗನೆಲ್ಲಿ ಎಂದು ಸುತ್ತ ನೋಡುತ್ತಾನೆ. ಆಮೇಲೆ ಸಮಾಧಿಯ ಬಳಿ, ಪೂರ್ವಿಕರ ಗೋರಿಗಳ ಮೇಲೆ ಬೆಳೆಯುವ ಪುಟ್ಟ ಬಿಳಿಯ ಹೂವೊಂದನ್ನು ಹಿಡಿದು ನಿಂತ ಅರಸನು ಮಂಡಿಯೂರಿ ಅಳುತ್ತಾನೆ. ಮೂಲ ಕಾದಂಬರಿಯಲ್ಲಿ ಈ ದೃಶ್ಯವಿಲ್ಲ. ಚಿತ್ರವು ತಾನಾಗಿ ಸೇರಿಸಿದ ಭಾಗಗಳಲ್ಲಿ ಇದಕ್ಕಿಂತ ಮಿಗಿಲಾದುದು ಇನ್ನೊಂದಿಲ್ಲವೆಂದು ಧಾರಾಳವಾಗಿ ಹೇಳಬಹುದು.

ಆದರೆ ಮೂರನೆಯ ಭಾಗದ ಇನ್ನೊಬ್ಬ ತಂದೆಯ ವಿಷಯದಲ್ಲಿ ಚಿತ್ರವು ನ್ಯಾಯ ಮಾಡಲಿಲ್ಲ. ಗಾಂಡೋರಿನ ರಾಜಪ್ರತಿನಿಧಿ ಡೆನೆಥಾರನಿಗೆ ಇಬ್ಬರು ಗಂಡುಮಕ್ಕಳು. ಪ್ರೀತಿಯ ಹಿರಿಯ ಮಗ ಬೊರೊಮಿರ್ ಸತ್ತಿದ್ದಾನೆ. ಕಿರಿಯವನಾದ ಫರಾಮಿರನ ಬದಲು ಅವನು ಉಳಿಯಬೇಕಾಗಿತ್ತೆಂದು ತಂದೆ ಮುಖಕ್ಕೆ ಮುಖ ಕೊಟ್ಟು ಒಪ್ಪಿಕೊಳ್ಳುತ್ತಾನೆ. ಕಿರಿಯ ಮಗ ಸಾವನ್ನು ಅರಿತೇ ಕಾಳಗಕ್ಕೆ ಕುದುರೆಯೇರುವಾಗ ತಂದೆ ಊಟಕ್ಕೆ ಕುಳಿತು, ಹಣ್ಣಿನ ರಸವನ್ನು ಗಲ್ಲದ ಮೇಲೆ ಸುರಿಸಿಕೊಂಡು ತಿನ್ನುತ್ತಾನೆ. ದೃಶ್ಯವು ಪರಿಣಾಮಕಾರಿ ಹೌದು. ಆದರೆ ಅದು ಸುಲಭದ ಪರಿಣಾಮ. ಅಂಥ ತಂದೆಯನ್ನು ನೋಡಿ ಯಾವ ತಂದೆಯೂ ತನ್ನನ್ನು ತಾನು ಗುರುತಿಸಿಕೊಳ್ಳಲಾರನು. ಹೇಸಿ ಮುಖ ತಿರುಗಿಸಿ, ತಾನು ಪಾರಾದೆನೆಂದು ನೆಮ್ಮದಿಪಡುತ್ತಾನೆ.

ಕಾದಂಬರಿಯ ಡೆನೆಥಾರ್ ಹಾಗಲ್ಲ. ದೂರದ್ದನ್ನು ತೋರಿಸುವ ಮಾಯದ ಕಲ್ಲೊಂದು ಅವನ ಬಳಿಯಿದೆ. ಶತ್ರುವು ತನಗೆ ಬೇಕಾದುದನ್ನಷ್ಟೆ ಅದರಲ್ಲಿ ಕಾಣಗೊಡುತ್ತಾನೆ; ಹಾಗೆ ಕಂಡುಕಂಡು ಈ ಜಾಣನಾದ, ಗರ್ವಿಯಾದ ಮುದುಕನು ನಿರಾಶೆಯಲ್ಲಿ ಬೇಯುತ್ತಾನೆ. ಗಾಯಗೊಂಡ ಫರಾಮಿರನನ್ನು ತಂದು ಮಲಗಿಸಿದಾಗ ಮಾತಿಲ್ಲದೆ ಪಕ್ಕದಲ್ಲಿ ಕುಳಿತು ಕಣ್ಣೀರಿಡುತ್ತಾನೆ. ಧೃತರಾಷ್ಟ್ರ ಮೋಹವೆಂಬ ಮಾತನ್ನು ನಾಣ್ಣುಡಿಯಂತೆ ಬಳಸುವ ಕನ್ನಡಿಗರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ: ಪಕ್ಷಪಾತಿಯಾದ ತಂದೆಯ ಮೇಲೆ ಕೋಪ ಬರಬೇಕು, ಕನಿಕರವೂ ಬರಬೇಕು. ಚಿತ್ರವು ಕೋಪವನ್ನು ಮಾತ್ರ ಉಳಿಸಿಕೊಂಡಿತು. ಒಬ್ಬನನ್ನು ಅಳತೆಗೋಲಾಗಿ ಹಿಡಿದು ಇನ್ನೊಬ್ಬನನ್ನು ಅಳೆಯುವ ಚಾಳಿ ಅರಮನೆಗಳಿಗೆ ಮೀಸಲಾದುದೇನೂ ಅಲ್ಲ. ಅಣ್ಣನು ಓದಿದ ಶಾಲೆಯಲ್ಲಿಯೇ ಓದಲು ಬಂದು, ‘ನಿನ್ನ ಅಣ್ಣ ಹೀಗಿರಲಿಲ್ಲ’ ಎಂಬ ಮಾತನ್ನು ಗುರುಗಳ ಬಾಯಿಂದ ಕೇಳದ ತಮ್ಮಂದಿರು ಎಷ್ಟು ಮಂದಿ?

ಈ ಕಥೆಯನ್ನು ಬರೆದ ಟೋಲ್ಕೀನರು ನಾಲ್ಕನೆಯ ವಯಸ್ಸಿನಲ್ಲಿ ತಂದೆಯನ್ನೂ ಹನ್ನೆರಡನೆಯ ವಯಸ್ಸಿನಲ್ಲಿ ತಾಯಿಯನ್ನೂ ಕಳೆದುಕೊಂಡವರು. 1916ರಲ್ಲಿ ಸೋಮ್ ನದಿಯ ಕದನದಲ್ಲಿದ್ದವರು. ನಾಲ್ವರು ಮಕ್ಕಳ ತಂದೆಯಾದ ಮೇಲೆ ಎರಡನೆಯ ಮಹಾಯುದ್ಧ ಬಂತು. ಮೂರನೆಯ ಮಗ ಕ್ರಿಸ್ಟೋಫರ್ ವಿಮಾನದಳಕ್ಕೆ ಸೇರಿ ದಕ್ಷಿಣ ಆಫ್ರಿಕಾದಲ್ಲಿದ್ದಾಗ, 1944ರಲ್ಲಿ, ಬರೆದು ಮುಗಿಸಿದ ಅಧ್ಯಾಯಗಳನ್ನು ತಂದೆ ಅಲ್ಲಿಗೆ ಕಳುಹಿಸುತ್ತಿದ್ದರು. ಮಗನನ್ನು ಯುದ್ಧಕ್ಕೆ ಕಳುಹಿಸಿದ ಮನೆಯಿಂದ ಹೊರಟ ಕಥೆಯಿದು. ಇದನ್ನು ಮಕ್ಕಳಾಟಿಕೆಯೆಂದು ತಳ್ಳಿಹಾಕುವವರು ಇಷ್ಟನ್ನಾದರೂ ತಿಳಿದುಕೊಳ್ಳುವುದು ಒಳ್ಳೆಯದು.

ಅರ್ವೆನಳ ಪ್ರಸಂಗವನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಇನ್ನೂ ಹುಟ್ಟದ ಮಗನೊಬ್ಬನು ಕಣ್ಣೆದುರು ಸುಳಿದುದರಿಂದಲೇ ಅವಳು ಅರ್ಧದಾರಿಯಲ್ಲಿ ಕುದುರೆ ತಿರುಗಿಸಿ ಬಂದು, ಆ ಭವಿಷ್ಯವನ್ನು ತನಗೆ ಮುಚ್ಚಿಟ್ಟ ತಂದೆಯನ್ನು ಪ್ರಶ್ನಿಸುತ್ತಾಳೆ. ಮಗಳ ಒಳಿತಿಗೆಂದೇ ಸತ್ಯವನ್ನು ಬಚ್ಚಿಟ್ಟ ಆ ತಂದೆಯನ್ನು ಮಾತ್ರ ಚಿತ್ರವು ಗೌರವದಿಂದಲೇ ನಡೆಸಿಕೊಂಡಿದೆ.

ಹನ್ನೊಂದು ಆಸ್ಕರ್ ಪ್ರಶಸ್ತಿಗಳನ್ನು ಪಡೆದ ಮೂರನೆಯ ಭಾಗದ ಮೇಲೆ ಒಂದು ಹಳೆಯ ದೂರಿದೆ: ಉಂಗುರ ಕರಗಿದ ಮೇಲೂ ಚಿತ್ರ ಮುಗಿಯುವುದೇ ಇಲ್ಲ, ಒಂದರ ಹಿಂದೊಂದು ಮುಕ್ತಾಯಗಳು. ಹುಡುಗರಿಗೆ ಇದು ನಿಜವೆನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಕೊನೆಯ ಮುಕ್ತಾಯವಿಲ್ಲದಿದ್ದರೆ ಸ್ಯಾಮನು ಅಷ್ಟು ದೂರ ನಡೆದದ್ದು ಯಾತಕ್ಕಾಗಿ ಎಂಬುದೇ ಉಳಿದುಹೋಗುತ್ತಿತ್ತು. ಫ್ರೋಡೋವನ್ನು ಹಡಗು ಹತ್ತಿಸಿ ಹಿಂದಿರುಗಿದ ಅವನು ತನ್ನ ಮನೆಯ ಬೇಲಿಯ ಬಾಗಿಲನ್ನು ತೆರೆಯುತ್ತಾನೆ. ಪುಟ್ಟ ಹುಡುಗಿಯೊಬ್ಬಳು ಓಡಿಬಂದು ಅವನ ತೋಳಿಗೆ ಸೇರುತ್ತಾಳೆ. ಆ ಹುಡುಗಿಯ ಪಾತ್ರ ಮಾಡಿದವಳು ಸ್ಯಾಮನ ಪಾತ್ರಧಾರಿ ಶಾನ್ ಆಸ್ಟಿನ್ನನ ಸ್ವಂತ ಮಗಳೇ. ಕಾದಂಬರಿಯೂ ನಿಲ್ಲುವುದು ಇಲ್ಲಿಯೇ: ಒಳಗೆ ದೀಪ ಹಚ್ಚಿದೆ, ಅಡಿಗೆ ಸಿದ್ಧವಾಗಿದೆ, ಹೆಂಡತಿ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಮಗಳನ್ನು ತಂದು ತೊಡೆಯ ಮೇಲಿಡುತ್ತಾಳೆ.