ಕಾಯುವವನೇ ಮಾರಿದರೆ

ನಾವು ಬೂದಿಕೋಟೆಯಿಂದ ಬರೀತಾ ಇದ್ದೇವೆ. ಹೈದರಾಲಿ ಹುಟ್ಟಿದ ಊರು ಇದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅವನ ಮಗ ಟಿಪ್ಪುವಿನ ಖಜಾನೆಯನ್ನು ಕಂಪನಿ ಪಡೆ ದರ್ಜೆ ಪ್ರಕಾರ ಹಂಚಿಕೊಂಡಿತು. ಅದನ್ನು ಲೂಟಿ ಅನ್ನಲಿಲ್ಲ, ಪ್ರೈಜ್ ಮನಿ ಅಂದರು. ಕದ್ದವನು ಮೊದಲು ಮಾಡೋ ಕೆಲಸ, ಕದ್ದದ್ದಕ್ಕೆ ಒಳ್ಳೆ ಹೆಸರಿಡೋದು.

1941ರ ಡಿಸೆಂಬರಿನಲ್ಲಿ ಜಪಾನು ಪರ್ಲ್ ಹಾರ್ಬರಿನ ಮೇಲೆ ಬಾಂಬು ಹಾಕಿತು. ಕೆನಡಾ ಸರ್ಕಾರ ತನ್ನ ನೆಲದ ಜಪಾನಿ ಮೂಲದ ಮೀನುಗಾರರ ಸುಮಾರು 1,200 ದೋಣಿಗಳನ್ನು ಹಿಡಿಯಿತು. 1942ರಲ್ಲಿ 21,000ಕ್ಕೂ ಹೆಚ್ಚು ಜನರನ್ನು ಕರಾವಳಿಯಿಂದ ಎಬ್ಬಿಸಿತು. ಬಹುಪಾಲು ಜನ ಅದೇ ದೇಶದ ಪ್ರಜೆಗಳು! ಮನೆ, ಹೊಲ, ಅಂಗಡಿ ಎಲ್ಲಾ 'ಕಸ್ಟೋಡಿಯನ್' ಕೈಗೆ ಹೋಯಿತು. ಕಸ್ಟೋಡಿಯನ್ ಅಂದ್ರೆ ಕಾಯುವವನು. 1943ರಿಂದ ಆ ಕಾಯುವವನೇ ಮಾಲೀಕರನ್ನು ಕೇಳದೆ ಮಾರಿದ. ಬಂದ ದುಡ್ಡಿನಲ್ಲಿ ಅವರನ್ನು ಕೂಡಿಟ್ಟ ಖರ್ಚನ್ನೇ ಮುರಿದುಕೊಂಡರು. ಕ್ಷಮೆ ಕೇಳಿದ್ದು 1988ರಲ್ಲಿ.

ದೂರದ ಕಥೆ ಅನ್ನಬೇಡಿ. 1962ರ ಯುದ್ಧದಲ್ಲಿ ನಮ್ಮ ಸರ್ಕಾರ ಚೀನೀ ಮೂಲದ ಸುಮಾರು 3,000 ಜನರನ್ನು ರಾಜಸ್ಥಾನದ ದೇವಲಿ ಶಿಬಿರಕ್ಕೆ ತುಂಬಿತು. ಅವರಲ್ಲಿ ಹಲವರ ಮನೆ, ಅಂಗಡಿ ಹರಾಜಾದವು. 1968ರಲ್ಲಿ ಶತ್ರು ಆಸ್ತಿ ಕಾಯ್ದೆ ಬಂತು. ಇಲ್ಲೂ ಒಬ್ಬ ಕಸ್ಟೋಡಿಯನ್. 2017ರ ತಿದ್ದುಪಡಿ, ವಾರಸುದಾರ ಭಾರತದ ಪ್ರಜೆಯೇ ಆದರೂ ಅವನು 'ಶತ್ರು'ವೇ ಅಂದಿತು. ಅದೂ 1968ರಿಂದಲೇ ಜಾರಿ. ಸಿವಿಲ್ ಕೋರ್ಟಿನ ಬಾಗಿಲಿಗೆ ಬೀಗ.

ಈಗ ನಮ್ಮ ಕೇರಿಗೆ ಬನ್ನಿ. ನಮ್ಮ ಮೇಲೆ ಯಾರೂ ಯುದ್ಧ ಸಾರಲಿಲ್ಲ. ಹುಟ್ಟಿಗೇ ಒಂದು ಹೆಸರಿಟ್ಟು ನೆಲ ಕಿತ್ತುಕೊಂಡರು. ಪಕ್ಕದ ಕೆಜಿಎಫ್‌ನ ಆಳದಲ್ಲಿ ಚಿನ್ನ ಅಗೆದ ನಮ್ಮವರ ಎದೆಗೂಡಿಗೆ ಕಲ್ಲಿನ ಧೂಳು ಸೇರಿತು. ಮಂಜೂರಾದ ತುಂಡು ಜಮೀನೂ ಸಾಲಕ್ಕೆ, ಸಾರಾಯಿಗೆ, ಹೆಬ್ಬೆಟ್ಟಿಗೆ ಹೋಯಿತು. ಅದನ್ನು ವಾಪಸ್ ಕೊಡಿಸೋಕೆ 1978ರ ಪಿಟಿಸಿಎಲ್ ಕಾಯ್ದೆ ಬಂತು. ಆದರೆ ಅದೇ 2017ರಲ್ಲಿ ಸುಪ್ರೀಂ ಕೋರ್ಟು ಕರ್ನಾಟಕದ ಪ್ರಕರಣವೊಂದರಲ್ಲಿ, ಕಾಯ್ದೆ ಬಂದು 25 ವರ್ಷದ ಮೇಲೆ ಹಾಕಿದ ಅರ್ಜಿ ತಡವಾಯ್ತು ಅಂದಿತು.

ನೋಡಿ ಗೆಳೆಯರೇ, ಕಿತ್ತುಕೊಳ್ಳೋಕೆ ಕಾನೂನು 49 ವರ್ಷ ಹಿಂದಕ್ಕೆ ನಡೀತದೆ. ಹಿಂದಿರುಗಿಸೋಕೆ 25 ವರ್ಷಕ್ಕೇ ಅದರ ಕಾಲು ಸೋಲ್ತದೆ. ಇದೆಂಥ ಗಡಿಯಾರ? ಇದಕ್ಕೆ ಕೀಲಿ ಕೊಡೋ ಕೈ ಯಾರದು?

ಹೋರಾಟ ನಡೆದ ಮೇಲೆ, 2023ರಲ್ಲಿ, ಅರ್ಜಿಗೆ ಕಾಲಮಿತಿ ಇಲ್ಲ ಅನ್ನೋ ತಿದ್ದುಪಡಿ ಬಂತು. ಅದು ಯಾರೋ ಕೊಟ್ಟ ಭಿಕ್ಷೆ ಅಲ್ಲ. ಹಳ್ಳಿ ಮೇಷ್ಟ್ರುಗಳೇ, ಕೇರಿಯ ಪೆಟ್ಟಿಗೆಗಳಲ್ಲಿರೋ ಸಾಗುವಳಿ ಚೀಟಿಗಳನ್ನು ತೆಗೆಸಿ ಓದಿ ಹೇಳಿ. ವಿದ್ಯಾರ್ಥಿಗಳೇ, ಅರ್ಜಿ ಬರೆದುಕೊಡಿ. ಹಾಗೇ, ಪಕ್ಕದವನನ್ನು ಶತ್ರು ಅಂತ ಕರೆದಾಗ ಸುಮ್ಮನಿರಬೇಡಿ. ಹೆಸರಿಟ್ಟು ಕಿತ್ತುಕೊಳ್ಳೋ ಆಟ ನಮಗೆ ಚೆನ್ನಾಗಿ ಗೊತ್ತು. ನಮ್ಮ ಆಸ್ತಿಗೆ ನಾವೇ ಕಾವಲು.