ಕಣಗಿನಹಾಳದ ನೆರೆಯವರೇ, ಆ ಪತ್ರ ಓದಿರಿ

ನಮ್ಮ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ರೊಕ್ಕ ಹಾಕಿದವರು ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳುವ ರೂಢಿ ಈ ನೆಲಕ್ಕೆ ಹೊಸದಲ್ಲ.

ಇಂದು ಬೆಟಗೇರಿಯ ಮಗ್ಗದ ದುಡಿಮೆ, ಲಕ್ಷ್ಮೇಶ್ವರದ ಶೇಂಗಾದ ರೊಕ್ಕ, ಶಿರಹಟ್ಟಿಯ ಮಾಸ್ತರರ ಪಿಂಚಣಿ, ಮುಂಡರಗಿಯ ಅಂಗಡಿಯ ಉಳಿತಾಯ ಮ್ಯೂಚುವಲ್ ಫಂಡ್‌ಗಳ ಮಾಸಿಕ ಕಂತು, ಅಂದರೆ ಎಸ್‌ಐಪಿಯಾಗಿ ಮುಂಬೈ ಸೇರುತ್ತಿವೆ. ಲೆಕ್ಕ ಕೇಳುವ ಬಾಯಿ ಎಲ್ಲಿ ಹೋಯಿತು?

2020ರ ಏಪ್ರಿಲ್ 23ರಂದು ಫಂಡ್ ಕಂಪನಿ ಫ್ರಾಂಕ್ಲಿನ್ ಟೆಂಪಲ್ಟನ್ ಆರು ಸಾಲಪತ್ರ ಯೋಜನೆಗಳನ್ನು ಮುಚ್ಚುವುದಾಗಿ ಸಾರಿತು. ಸುಮಾರು 25,000 ಕೋಟಿ ರೂಪಾಯಿ ಸಿಕ್ಕಿಬಿತ್ತು. ಅಲ್ಪಾವಧಿ ಯೋಜನೆಗಳೊಳಗೆ ದೀರ್ಘಾವಧಿ ಸಾಲಪತ್ರ ತುರುಕಲಾಗಿತ್ತು ಎಂದು 2021ರ ಜೂನ್‌ನಲ್ಲಿ ಮಾರುಕಟ್ಟೆ ನಿಯಂತ್ರಕ ಸೆಬಿ ಹೇಳಿತು. ಕಂಪನಿ ಮೇಲ್ಮನವಿ ಸಲ್ಲಿಸಿತು. ಚೀಲದ ಮೇಲೆ ಬಿಳಿಜೋಳ ಅಂತ ಬರೆದು ಒಳಗೆ ಬೇರೆ ಕಾಳು ತುಂಬಿದರೆ ಎಪಿಎಂಸಿಯಲ್ಲಿ ನಾವು ಸುಮ್ಮನಿರುತ್ತೇವೆಯೇ?

ಯೋಜನೆಗಳನ್ನು ಮುಚ್ಚಲು ಹೊರಟಾಗ ದಾರಿ ತೋರಿದ್ದು ನಮ್ಮದೇ ಕರ್ನಾಟಕ ಹೈಕೋರ್ಟ್. 2020ರ ಅಕ್ಟೋಬರ್ 24ರಂದು ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಮತ್ತು ನ್ಯಾಯಮೂರ್ತಿ ಅಶೋಕ್ ಕಿಣಗಿ ಅವರ ಪೀಠ, ಹೂಡಿಕೆದಾರರ ಬಹುಮತದ ಒಪ್ಪಿಗೆಯಿಲ್ಲದೆ ಮುಚ್ಚುವಂತಿಲ್ಲ ಎಂದಿತು. ಒಪ್ಪಿಗೆ ಬೇಕೇ ಬೇಕೆಂಬುದನ್ನು 2021ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮತ ಹಾಕಿದ ಹೂಡಿಕೆದಾರರು ಮುಚ್ಚಲು ಒಪ್ಪಿದರು, ನಿಜ. ಆದರೆ ಕೇಳಿಸಿಕೊಂಡು ಒಪ್ಪಿದರು. ಯಜಮಾನಿಕೆ ಎಂದರೆ ಅದು.

ಮುಚ್ಚುವಾಗಷ್ಟೇ ಅಲ್ಲ, ಯೋಜನೆಯ ಮೂಲ ಉದ್ದೇಶ ಬದಲಿಸಬೇಕೆಂದರೂ ಪ್ರತಿ ಹೂಡಿಕೆದಾರರಿಗೂ ಲಿಖಿತವಾಗಿ ತಿಳಿಸಬೇಕು, ಎಕ್ಸಿಟ್ ಲೋಡ್ ಎಂಬ ನಿರ್ಗಮನ ಶುಲ್ಕವಿಲ್ಲದೆ ಯೂನಿಟ್‌ನ ಅಂದಿನ ಬೆಲೆಗೆ (ಎನ್‌ಎವಿ) ಹೊರಬರಲು ಬಿಡಬೇಕು. ಸೆಬಿಯ 1996ರ ನಿಯಮಾವಳಿ ಇದನ್ನು ಹಕ್ಕಾಗಿ ಕೊಟ್ಟಿತು. ಜಾಹೀರಾತನ್ನು ಮಾತ್ರ ಇಂಗ್ಲಿಷಿನಲ್ಲೂ ಕಂಪನಿಯ ಪ್ರಧಾನ ಕಚೇರಿ ಇರುವ ಊರಿನ ಭಾಷೆಯಲ್ಲೂ ಕೊಟ್ಟರೆ ಸಾಕೆಂದಿತು. ಕಚೇರಿ ಮುಂಬೈಯಲ್ಲಿದ್ದರೆ ಮರಾಠಿ. ಮುಂಡರಗಿಯ ರೊಕ್ಕಕ್ಕೆ ಭಾಷೆಯ ತೊಡಕಿಲ್ಲ. ಮುಂಡರಗಿಯ ಕಣ್ಣಿಗೆ ಮಾತ್ರ ಕನ್ನಡ ಸಿಗುವುದಿಲ್ಲ!

ಇಂಥ ಪತ್ರವನ್ನು ಕನ್ನಡದಲ್ಲಿ ಕಳಿಸಿರೆಂದು ಫಂಡ್ ಕಂಪನಿಗಳನ್ನು ಒತ್ತಾಯಿಸೋಣ. ಫಂಡ್ ಮಾರುವ ನಮ್ಮೂರಿನ ಏಜೆಂಟರೇ, ಕಮಿಷನ್ ಪಡೆದವರು ನೀವು. ಪತ್ರ ಓದಿ ಹೇಳುವ ಋಣವೂ ನಿಮ್ಮದೇ. ಕಾಲೇಜಿಗೆ ಹೋಗುವ ಮಕ್ಕಳೇ, ಇಂದು ರಾತ್ರಿ ಅಪ್ಪನ ಮೊಬೈಲ್ ತೆಗೆದು ಫಂಡ್ ಕಂಪನಿಯ ಆ ತೆರೆಯದ ಇಮೇಲ್ ಜೋರಾಗಿ ಓದಿರಿ. ತಪ್ಪು ಕಂಡರೆ ಮೊದಲು ಕಂಪನಿಗೆ ಬರೆಯಿರಿ, ಬಗೆಹರಿಯದಿದ್ದರೆ ಸೆಬಿಯ ದೂರು ಜಾಲತಾಣ ಸ್ಕೋರ್ಸ್‌ನಲ್ಲಿ ದೂರು ಹಾಕಿರಿ.

ನೂರಕ್ಕೂ ಹೆಚ್ಚು ವರ್ಷದ ಹಿಂದೆ ಕಣಗಿನಹಾಳದವರು ಎದ್ದು ನಿಂತರು. ನಾವು ಕೂತೇ ಇದ್ದೇವೆ.