ಹೊಟ್ಟಿನ ಜರಡಿ

ಕಾಫಿ ಫಿಲ್ಟರಿನಲ್ಲಿ ಪುಡಿಯನ್ನು ತುಸು ಬಲವಾಗಿ ಅದುಮಿದರೆ ಏನಾಗುವುದೆಂಬುದನ್ನು ನಮ್ಮ ಗೃಹಿಣಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೇಲಿನ ಪಾತ್ರೆಯಲ್ಲಿ ನೀರು ನಿಂತಲ್ಲಿಯೇ ನಿಂತಿರುತ್ತದೆ. ಕೆಳಗೆ ನಾಲ್ಕು ಹನಿ ಡಿಕಾಕ್ಷನ್. ಯಜಮಾನರು ಪತ್ರಿಕೆಯನ್ನು ಕೈಯಲ್ಲಿ ಹಿಡಿದೇ ಅಡುಗೆಮನೆಯತ್ತ ಎರಡು ಬಾರಿ ಇಣುಕಿ ಹೋಗುತ್ತಾರೆ. ಪುಡಿ ತೀರ ನುಣ್ಣಗಾಗಿದ್ದರೂ ಇದೇ ಗತಿ. ಈ ಸಣ್ಣ ಸಂಕಟವೇ ದೊಡ್ಡ ಪಾತ್ರೆಯಲ್ಲಿ ಸಂಭವಿಸಿದರೆ ಹೇಗಿರುತ್ತದೆಂಬುದನ್ನು ಓದುಗರೊಬ್ಬರು ಈ ಅಂಕಣಕ್ಕೆ ಬರೆದು ತಿಳಿಸಿದ್ದಾರೆ. ಅಮೆರಿಕದಲ್ಲಿ ನೆಲೆಸಿರುವ ಅವರ ಮಗನಿಗೆ ಮನೆಯಲ್ಲಿಯೇ ಬಿಯರ್ ತಯಾರಿಸುವ ಹವ್ಯಾಸವಂತೆ. ಶನಿವಾರ ಬೆಳಗಿನಿಂದ ದುಡಿದು ಐದು ಕಿಲೋಗ್ರಾಂ ಧಾನ್ಯದ ಗಂಜಿ ಕಲಸಿದ್ದಾಯಿತು. ನಲ್ಲಿ ತಿರುಗಿಸಿದರೆ ರಸ ಇಳಿಯಲೊಲ್ಲದು. ರಾತ್ರಿ ಹತ್ತರವರೆಗೆ ಹೆಣಗಿ, ಕಡೆಗೆ ಇಡಿಯ ಗಂಜಿಯನ್ನು ಹಿತ್ತಲಿಗೆ ಸುರಿದು, ಹುಡುಗ ಊಟವನ್ನೂ ಮಾಡದೆ ಮಲಗಿದನಂತೆ. "ಧಾನ್ಯವನ್ನು ಹಾಗೆ ಚೆಲ್ಲಿದ್ದು ಕಂಡು ಹೊಟ್ಟೆ ಉರಿಯಿತು. ಉಳಿಸಿಕೊಳ್ಳುವ ದಾರಿ ಇರಲಿಲ್ಲವೆ?" ಎಂಬುದು ಅವರ ಪ್ರಶ್ನೆ.

ಇತ್ತು, ಒಂದಲ್ಲ, ಮೂರು ನಾಲ್ಕು. ಅದನ್ನು ಹೇಳುವ ಮೊದಲು ಮಡಿವಂತ ಓದುಗರಿಗೊಂದು ಮಾತು. ಬ್ರಿಟನ್ನಿನಲ್ಲಿ 1963ರಲ್ಲಿ ಮನೆಬಿಯರಿಗಿದ್ದ ಪರವಾನಗಿಯ ಕಟ್ಟಳೆಯನ್ನು ತೆಗೆದುಹಾಕಿದರು. ಅಮೆರಿಕದ ಕೇಂದ್ರ ಸರ್ಕಾರ 1978ರ ಕಾನೂನಿನಿಂದ ಅದಕ್ಕೆ ಅನುಮತಿಯಿತ್ತಿತು. ಆದುದರಿಂದ ಅಲ್ಲಿ ಇದು ಉಪ್ಪಿನಕಾಯಿ ಹಾಕಿದಷ್ಟೇ ನಿರಪರಾಧಿಯಾದ ಹವ್ಯಾಸ. ನಮ್ಮ ರಾಜ್ಯದಲ್ಲಿ ಹಾಗಲ್ಲ; 1965ರ ಅಬಕಾರಿ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಇಲ್ಲಿ ಯಾರೂ ಪ್ರಯೋಗಕ್ಕಿಳಿಯತಕ್ಕದ್ದಲ್ಲ. ಆದರೆ ಪಾತ್ರೆಯೊಳಗೆ ನಡೆಯುವ ವ್ಯಾಪಾರವನ್ನು ತಿಳಿದುಕೊಳ್ಳಲು ಯಾವ ಕಾಯಿದೆಯ ಅಡ್ಡಿಯೂ ಇಲ್ಲವಷ್ಟೆ.

ಮಕ್ಕಳ ಅಂಬಲಿಗೆಂದು ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿಸಿ, ಒಣಗಿಸಿ ಬೀಸುವ ಕ್ರಮ ನಮ್ಮಲ್ಲುಂಟು. ಬಾರ್ಲಿಗೂ ಇದೇ ಸಂಸ್ಕಾರ ಕೊಟ್ಟರೆ ಬಿಯರಿನ ಮಾಲ್ಟ್. ಅದನ್ನು ಒರಟಾಗಿ ಒಡೆದು, 65ರಿಂದ 68 ಡಿಗ್ರಿ ಸೆಂಟಿಗ್ರೇಡ್ ಬಿಸಿಯ ನೀರಿನಲ್ಲಿ ಒಂದು ಗಂಟೆ ನೆನೆಸಿಟ್ಟರೆ, ಮೊಳಕೆಯಲ್ಲಿ ಹುಟ್ಟಿದ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸುತ್ತವೆ. ಆ ಸಿಹಿರಸವನ್ನು ಬಸಿದುಕೊಳ್ಳಬೇಕು. ಮನೆಯ ಹವ್ಯಾಸಿಗಳು ಇದಕ್ಕೆ ವನಭೋಜನಕ್ಕೆ ಐಸ್ ತುಂಬಿ ಒಯ್ಯುವ ಪ್ಲಾಸ್ಟಿಕ್ ಪೆಟ್ಟಿಗೆಯನ್ನೇ ಬಳಸುವುದುಂಟು. ತಳದಲ್ಲಿ ತೂತಿನ ತಗಡು, ಹೊರಗೊಂದು ನಲ್ಲಿ.

ಈಗ ಮುಖ್ಯವಾದ ಸಂಗತಿ. ರಸವನ್ನು ಸೋಸುವುದು ಆ ತಗಡಲ್ಲ. ತಗಡು ಹೊಟ್ಟನ್ನು ತಡೆದು ನಿಲ್ಲಿಸುತ್ತದೆ, ಅಷ್ಟೆ, ಸೋಸುವುದು ಹೊಟ್ಟು. ಬಾರ್ಲಿಕಾಳಿನ ಸಿಪ್ಪೆಗಳು ಒಂದರ ಮೇಲೊಂದು ಓರೆಕೋರೆಯಾಗಿ ಕುಳಿತು, ನಡುನಡುವೆ ಸಂದು ಬಿಟ್ಟುಕೊಂಡು, ತಾವೇ ಜರಡಿಯಾಗುತ್ತವೆ. ಮೊದಲಿಗೆ ಬರುವ ಒಂದೆರಡು ತಂಬಿಗೆ ರಸ ಮಬ್ಬಾಗಿರುತ್ತದೆ. ಅದನ್ನು ಮೆಲ್ಲನೆ ಮೇಲಿನಿಂದ ಮರಳಿ ಸುರಿಯುತ್ತಾರೆ. ಹೀಗೆ ನಾಲ್ಕಾರು ಸಲ ಮಾಡುವುದರೊಳಗೆ ಹಾಸು ಸಿದ್ಧವಾಗಿ ತಿಳಿರಸ ಇಳಿಯತೊಡಗುತ್ತದೆ. ಧಾನ್ಯ ಕೇರುವಾಗ ನಾವು ತೂರಿಬಿಡುವ ಹೊಟ್ಟಿಗೆ ಇಲ್ಲಿ ಇಷ್ಟು ಮಾನ!

ಇಂಥ ಹಾಸಿನ ಮೂಲಕ ದ್ರವ ಎಷ್ಟು ವೇಗವಾಗಿ ಇಳಿದೀತೆಂಬುದಕ್ಕೆ ಲೆಕ್ಕವಿದೆ. ಫ್ರಾನ್ಸಿನ ದಿಜೋನ್ ನಗರಕ್ಕೆ ಕುಡಿಯುವ ನೀರು ತಂದುಕೊಟ್ಟ ಇಂಜಿನಿಯರ್ ಆನ್ರಿ ಡಾರ್ಸಿ, ಮರಳಿನ ಕಂಬದಲ್ಲಿ ನೀರಿಳಿಸಿ ಅಳೆದು, 1856ರ ತನ್ನ ಗ್ರಂಥದಲ್ಲಿ ಆ ನಿಯಮವನ್ನು ಪ್ರಕಟಿಸಿದನು. ಒತ್ತಡ ಹೆಚ್ಚಿದಂತೆ ಹರಿವು ಹೆಚ್ಚು. ಹಾಸು ದಪ್ಪವಾದಂತೆ ಕಡಿಮೆ. ಅವನ ಬಳಿಕ ಬಂದವರು ಕಣದ ಗಾತ್ರವನ್ನೂ ದ್ರವದ ಜಿಗುಟನ್ನೂ ಲೆಕ್ಕಕ್ಕೆ ಸೇರಿಸಿದರು. ಕಣ ಅರ್ಧದಷ್ಟು ಚಿಕ್ಕದಾದರೆ ಹರಿವು ಕಾಲುಭಾಗಕ್ಕೆ ಇಳಿಯುತ್ತದೆ. ಫಿಲ್ಟರಿಗೆ ನುಣ್ಣನೆಯ ಪುಡಿ ಏಕೆ ಆಗದೆಂಬುದಕ್ಕೆ ಉತ್ತರ ಇಲ್ಲೇ ಸಿಕ್ಕಿತು.

ಆದರೆ ಡಾರ್ಸಿಯ ಮರಳು ಅದುಮಿದರೆ ಕುಗ್ಗುವಂಥದಲ್ಲ. ನೆನೆದ ಧಾನ್ಯ ಕುಗ್ಗುತ್ತದೆ. ಆತುರಗಾರನು ನಲ್ಲಿಯನ್ನು ಪೂರ್ತಿ ತೆರೆದನೆನ್ನಿ. ಕೆಳಗಿನ ಸೆಳೆತಕ್ಕೆ ಹಾಸು ತಗಡಿಗೆ ಒತ್ತಿಕೊಂಡು ಸಂದುಗಳು ಮುಚ್ಚುತ್ತವೆ. ರಸ ಕಡಿಮೆ ಬಂತೆಂದು ಅವನು ಇನ್ನೂ ಸೆಳೆಯುತ್ತಾನೆ. ಹಾಸು ಇನ್ನೂ ಬಿಗಿಯುತ್ತದೆ. ಎಳೆದಷ್ಟೂ ಬಿಗಿಯುವ ಕುಣಿಕೆಯ ಹಾಗೆ. ಮೇಲೆ ನಿಂತ ರಸದ ಭಾರವೂ ಅದೇ ಕೆಲಸ ಮಾಡುತ್ತದೆ. ಹೆಚ್ಚಿನ ಗಂಜಿಗಳು ಕಟ್ಟಿಕೊಳ್ಳುವುದು ಹೀಗೆಯೇ ಎಂದು ನನ್ನ ಅಭಿಪ್ರಾಯ.

ಆದ್ದರಿಂದ ಮೊದಲ ಚಿಕಿತ್ಸೆ ನಲ್ಲಿಯನ್ನು ಮುಚ್ಚುವುದು. ಬಳಿಕ ಬಿಸಿನೀರು ಬೆರೆಸಿ ಗಂಜಿಯನ್ನು 75 ಡಿಗ್ರಿಯ ಸುತ್ತಮುತ್ತಲಿಗೆ ತಂದು, ತಳದವರೆಗೂ ಸೌಟು ಹೋಗುವಂತೆ ಕಲಕಬೇಕು. ಬಿಸಿ ಏಕೆಂದರೆ, 75 ಡಿಗ್ರಿಯ ನೀರಿನ ಜಿಗುಟು 20 ಡಿಗ್ರಿಯ ನೀರಿನ ಜಿಗುಟಿನಲ್ಲಿ ಅರ್ಧಕ್ಕೂ ಕಡಿಮೆ. ಸಿಹಿರಸವೂ ಬಿಸಿಗೆ ಹಾಗೆಯೇ ತೆಳುವಾಗುತ್ತದೆ. 77ನ್ನು ಮಾತ್ರ ದಾಟಿಸಬಾರದು. ಹೊಟ್ಟಿನ ಒಗರು ರಸಕ್ಕಿಳಿದು, ಬಹಳ ಹೊತ್ತು ಕುದಿಸಿದ ಚಹದ ರುಚಿ ಬಂದುಬಿಡುತ್ತದೆ. ಕಲಕಿದ ಮೇಲೆ ಹತ್ತು ಹದಿನೈದು ನಿಮಿಷ ಸುಮ್ಮನೆ ಬಿಡಬೇಕು. ಈ ಸುಮ್ಮನಿರುವ ಭಾಗವೇ ಕಷ್ಟವಾದದ್ದು. ಆಮೇಲೆ ನಲ್ಲಿಯನ್ನು ಕಾಲುಭಾಗ ತೆರೆದು, ಮಬ್ಬುರಸವನ್ನು ಮರಳಿ ಸುರಿಯುತ್ತ, ಹೊಸ ಹಾಸು ಕಟ್ಟಿಸಬೇಕು.

ನಲ್ಲಿಯ ಬಾಯಿಯೇ ಕಟ್ಟಿದ್ದರೆ ಕೊಳವೆಯ ಮೂಲಕ ಬಿಸಿನೀರನ್ನು ಕೆಳಗಿನಿಂದ ಮೇಲಕ್ಕೆ ಹಾಯಿಸುವುದುಂಟು. ಹಾಸು ತೇಲಿ ಸಡಿಲುಗೊಳ್ಳುತ್ತದೆ. ಬಾಯಿಯಿಂದ ಊದುವ ಸಾಹಸಿಗಳೂ ಇದ್ದಾರೆ. ಕುದಿಗಂಜಿ ಹಿಮ್ಮೆಟ್ಟಿ ಬಂದು ಮುಖ ಸುಟ್ಟುಕೊಳ್ಳುವ ಈ ಜಾಣತನ ಯಾರಿಗೂ ಬೇಡ. ಏನು ಮಾಡಿದರೂ ಇಳಿಯದಿದ್ದರೆ, ದೊಡ್ಡ ಬಟ್ಟೆಯ ಚೀಲಕ್ಕೆ ಮೊಗೆದು ಸುರಿದು, ಅನ್ನದ ಗಂಜಿ ಬಸಿದಂತೆ ಬಸಿದುಕೊಳ್ಳಬಹುದು. ರಸ ಮಬ್ಬಾಗಿದ್ದೀತು, ವ್ಯರ್ಥವಂತೂ ಆಗದು. ಆದರೆ ನಾಳೆ ನೋಡೋಣವೆಂದು ರಾತ್ರಿಯಿಡೀ ಬಿಡುವಂತಿಲ್ಲ. ಗಂಜಿ ಆರುತ್ತ ಬಂದಂತೆ ಹೊಟ್ಟಿನ ಮೇಲಿನ ಸೂಕ್ಷ್ಮಜೀವಿಗಳು ಬೆಳೆದು, ಬೆಳಗಾಗುವುದರೊಳಗೆ ಹುಳಿವಾಸನೆ ಹತ್ತೀತು.

ಕಾಳು ಒಡೆಯುವ ಹದವೂ ಇಲ್ಲಿ ಮುಖ್ಯ. ಗಿರಣಿಯ ಉರುಳೆಗಳ ನಡುವೆ ಸುಮಾರು ಒಂದು ಮಿಲಿಮೀಟರ್ ಸಂದಿಟ್ಟರೆ ಒಳಗಿನ ಹಿಟ್ಟು ಒಡೆದು ಸಿಪ್ಪೆ ಇಡಿಯಾಗಿ ಉಳಿಯುತ್ತದೆ. ಒಡೆಯುವ ಮುನ್ನ ಕಾಳಿಗೆ, ಅದರ ತೂಕದ ನೂರಕ್ಕೆ ಎರಡು ಪಾಲಿನಷ್ಟು ನೀರು ಚಿಮುಕಿಸುವವರೂ ಉಂಟು. ಒಣಹಪ್ಪಳ ಮುರಿಯುತ್ತದೆ, ಹಸಿಹಪ್ಪಳ ಬಾಗುತ್ತದೆ, ಅದೇ ಯುಕ್ತಿ.

ಇಷ್ಟೆಲ್ಲ ಬಾರ್ಲಿಯ ಮಾತಾಯಿತು. ಗೋಧಿ ಮತ್ತು ರೈ ಧಾನ್ಯಗಳಿಗೆ ಒಕ್ಕಿದಾಗಲೇ ಸಿಪ್ಪೆ ಕಳಚಿಹೋಗಿರುತ್ತದೆ. ಜೊತೆಗೆ ರೈ, ಓಟ್ಸ್‌ಗಳಲ್ಲಿ ಅಂಟಂಟಾದ ಗೋಂದಿನಂಥ ಪದಾರ್ಥ ಬೇರೆ. ಓಟ್ಸ್ ಗಂಜಿ ಕುಡಿದವರಿಗೆ ಅದರ ಪರಿಚಯವಿದೆ. ಗಂಜಿಯನ್ನು ಮೊದಲು 40ರಿಂದ 45 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಇಟ್ಟರೆ ಆ ಅಂಟು ಕೊಂಚ ಕರಗುತ್ತದೆ. ಫಿನ್ಲೆಂಡಿನ ಹಳ್ಳಿಗರು ಬಾರ್ಲಿಗೆ ರೈ ಬೆರೆಸಿ 'ಸಾಹ್ತಿ' ಎಂಬ ಪುರಾತನ ಬಿಯರನ್ನು ಮಾಡುತ್ತಾರೆ. ಅವರ ಸೋಸುಪಾತ್ರೆ, ಮರದ ದಿಮ್ಮಿಯನ್ನು ತೋಡಿ ಮಾಡಿದ 'ಕೂರ್ನ' ಎಂಬ ದೋಣಿ. ಅದರ ತಳಕ್ಕೆ ಜೂನಿಪರ್ ಗಿಡದ ರೆಂಬೆಗಳನ್ನೂ ಒಣಹುಲ್ಲನ್ನೂ ಹಾಸಿ, ಅದರ ಮೇಲೆ ಗಂಜಿ ಸುರಿಯುತ್ತಾರೆ. ಡಾರ್ಸಿಯ ಸೂತ್ರವನ್ನು ಅವರಿಗೆ ಯಾರೂ ಪಾಠ ಹೇಳಿರಲಿಲ್ಲ. ರಸ ಇಳಿಯಬೇಕಾದರೆ ಸಂದು ಬೇಕೆಂಬುದು ಮಾತ್ರ ಗೊತ್ತಿತ್ತು.

ಪತ್ರದ ಕೊನೆಯಲ್ಲಿ ತಂದೆಯವರು ಒಂದು ಸುಳಿವು ಕೊಟ್ಟಿದ್ದಾರೆ. ಮಗ ಆ ದಿನ ಮಾಡಹೊರಟಿದ್ದು ಜರ್ಮನಿಯ ಗೋಧಿಬಿಯರಂತೆ. ಅದರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಗೋಧಿಮಾಲ್ಟ್ ಇರಬೇಕೆಂಬುದು ಆ ದೇಶದ ನಿಯಮ. ಎಂದರೆ ಜರಡಿಯಾಗಬೇಕಾದ ಹೊಟ್ಟಿನಲ್ಲಿ ಅರ್ಧ ಆಗಲೇ ಇಲ್ಲವಾಗಿತ್ತು. ಇದಕ್ಕೆ ಅಮೆರಿಕದ ಹವ್ಯಾಸಿಗಳು ಕಂಡುಕೊಂಡ ಮದ್ದು ನಮ್ಮ ಭತ್ತದ ಹೊಟ್ಟು. ಸಿಲಿಕಾ ತುಂಬಿರುವ ಅದು ಬಿಸಿಗಂಜಿಯಲ್ಲಿ ಮೆತ್ತಗಾಗದು, ರುಚಿಯನ್ನೂ ಕೆಡಿಸದು. ಐದು ಕಿಲೋಗ್ರಾಂ ಧಾನ್ಯಕ್ಕೆ 250 ಗ್ರಾಂ ಹೊಟ್ಟನ್ನು ತೊಳೆದು ಮೊದಲೇ ಬೆರೆಸಿದರೆ ಸಾಕು. ಕಟ್ಟಿಕೊಂಡ ಮೇಲೆ ಕಲಕಿ ಸೇರಿಸಿದರೂ ನಡೆದೀತು. ಮುಂದಿನ ಸಲ ಮಗನಿಗೆ ಇದನ್ನು ತಿಳಿಸಿರಿ. ಮಂಡ್ಯದಿಂದ ಮೂಟೆ ಕಟ್ಟಿ ಕಳುಹಿಸಬೇಕಾಗಿಲ್ಲ. ಅಲ್ಲಿಯ ಅಂಗಡಿಗಳಲ್ಲಿ ಅದನ್ನು ಚೀಲದಲ್ಲಿ ಹಾಕಿ, ಬೆಲೆ ಬರೆದು ಮಾರುತ್ತಾರೆ.